ಕವಳಿ ಜಾಮಿಗೆ ಕಾಯಿಯೇ ಮದ್ದು

ಮೇ ತಿಂಗಳು ಬಂತು ಅಂದರೆ ಒಂದು ಫೋನ್ ಗ್ಯಾರಂಟಿ. "ಕವಳಿ ಹಣ್ಣಿನ ಜಾಮ್ ಮಾಡ್ಬೇಕು, ಪೆಕ್ಟಿನ್ ಪುಡಿ ಎಲ್ಲಿ ಸಿಗ್ತದೆ?" ಕೇಳುವವರು ರಜೆಗೆ ಊರಿಗೆ ಬಂದ ಬೆಂಗಳೂರಿನ ನೆಂಟರು, ಇಲ್ಲವೇ ಮೊಬೈಲಿನಲ್ಲಿ ಸ್ಟ್ರಾಬೆರಿ ಜಾಮ್ ವಿಡಿಯೋ ನೋಡಿದವರು. ಪುಡಿ ಬೇಡ ಮಾರಾಯ್ರೇ. ನಿಂಬೆಹಣ್ಣೂ ಬೇಡ. ಬಣ್ಣವಂತೂ ಬೇಡವೇ ಬೇಡ. ಜಾಮನ್ನು ಗಟ್ಟಿ ಮಾಡುವ ಪೆಕ್ಟಿನ್ ಸ್ಟ್ರಾಬೆರಿಯಲ್ಲಿ ಕಮ್ಮಿ, ಹಾಗಾಗಿ ಹೊರಗಿನಿಂದ ಹಾಕಬೇಕು. ಕವಳಿಯಲ್ಲಿ ಪೆಕ್ಟಿನ್ನೂ ಇದೆ, ಹುಳಿಯೂ ಇದೆ. ಆದರೆ ಕಪ್ಪಾಗಿ ಕಳಿತ ಹಣ್ಣಿನಲ್ಲಿ ಎರಡೂ ಇಳಿದಿರುತ್ತವೆ. ಕಾಯಿಯಲ್ಲಿ ತುಂಬಿಕೊಂಡಿರುತ್ತವೆ. ನಾವೋ, ಕಾಯಿಯನ್ನು ಉಪ್ಪಿನಕಾಯಿಗೆ ಅಂತ ಬೇರೆ ಇಟ್ಟು, ಬರೇ ಹಣ್ಣನ್ನು ಆರಿಸಿ ಜಾಮಿಗೆ ಹಾಕುತ್ತೇವೆ. ಆಮೇಲೆ ಅದು ನೀರುನೀರಾಗಿದೆ ಅಂತ ಪುಡಿ ಹುಡುಕುತ್ತೇವೆ.

ಇಷ್ಟನ್ನು ಫೋನಿನಲ್ಲಿ ಹೇಳಿದರೆ ಯಾರಿಗೂ ಸಮಾಧಾನ ಆಗುವುದಿಲ್ಲ. ಅಳತೆ ಎಷ್ಟು, ಎಷ್ಟು ಹೊತ್ತು ಕುದಿಸಬೇಕು, ಫ್ರಿಜ್ಜಿನಲ್ಲಿ ಇಡಬೇಕಾ ಅಂತ ಮತ್ತೆ ಮತ್ತೆ ಫೋನ್. ಅದಕ್ಕೇ ಎಲ್ಲ ಇಲ್ಲಿ ಉದ್ದಕ್ಕೆ ಬರೆದು ಇಡುತ್ತಿದ್ದೇನೆ.

ನಾನು ಯಾರು ಅಂತ ಗೊತ್ತಿಲ್ಲದವರಿಗೆ: ಶಿರಸಿಯ ಒಂದು ಲ್ಯಾಬಿನಲ್ಲಿ ಟೆಕ್ನೀಷಿಯನ್. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದವರ ರಕ್ತ ತೆಗೆಯುವುದು, ಸಂಜೆ ಅವರ ಸಕ್ಕರೆ ಎಷ್ಟು ಅಂತ ರಿಪೋರ್ಟ್ ಕೊಡುವುದು. ಅಂಥವನು ಮೇ ತಿಂಗಳಲ್ಲಿ ಮನೆ ತುಂಬ ಜಾಮ್ ಕುದಿಸುತ್ತಾನೆ ಅಂತ ಸಹೋದ್ಯೋಗಿಗಳು ನಗುತ್ತಾರೆ. ನಗಲಿ. ಹೆಂಡತಿ ಕಾರವಾರದವಳು. ಅವಳ ತವರಿನಲ್ಲಿ ಸಮುದ್ರ ಹತ್ತಿರ, ನಮ್ಮಲ್ಲಿ ಘಟ್ಟದ ಮೇಲೆ ತೋಟ, ತೋಟದ ತಲೆಗೆ ಬೇಣ ಅನ್ನುವ ಹುಲ್ಲುಗಾವಲು. ಈ ವ್ಯತ್ಯಾಸ ಜಾಮಿಗೂ ಸಂಬಂಧಪಟ್ಟದ್ದು, ಮುಂದೆ ಹೇಳುತ್ತೇನೆ.

ಕವಳಿ ಗೊತ್ತಿಲ್ಲದವರು ನಮ್ಮ ಜಿಲ್ಲೆಯಲ್ಲಿ ಇರಲಿಕ್ಕಿಲ್ಲ. ಹೊರಗಿನವರಿಗಾಗಿ ಎರಡು ಮಾತು. ಬೇರೆ ಕಡೆ ಕವಳೆ, ಕರಂಡೆ ಅನ್ನುತ್ತಾರೆ. ಸಸ್ಯಶಾಸ್ತ್ರದವರಿಗೆ ಕ್ಯಾರಿಸ್ಸಾ ಕರಂಡಾಸ್. ಜಂಬಿಟ್ಟಿಗೆ ನೆಲದಲ್ಲಿ, ಬೇಣದಲ್ಲಿ, ರಸ್ತೆ ಬದಿಯ ದರೆಯ ಮೇಲೆ ತಾನಾಗಿಯೇ ಬೆಳೆಯುವ ಮುಳ್ಳಿನ ಮಟ್ಟಿ, ಅಂದರೆ ಪೊದೆ. ಮುಳ್ಳು ಜೋಡಿಜೋಡಿ, ಉದ್ದ, ಗಟ್ಟಿ. ಹೂ ಬೆಳ್ಳಗೆ, ಮಲ್ಲಿಗೆ ಜಾತಿಯದೇ ಅನ್ನಿಸುವ ಪರಿಮಳ. ಆದರೆ ಇದು ಮಲ್ಲಿಗೆಯ ಸಂಬಂಧಿ ಅಲ್ಲ, ಕಣಗಿಲೆ, ನಂದಿಬಟ್ಟಲುಗಳ ಕುಟುಂಬ. ಅದಕ್ಕೇ ಎಲೆ ಮುರಿದರೂ, ಕಾಯಿ ಕಿತ್ತರೂ ಬಿಳಿ ಹಾಲು. ಕಣಗಿಲೆ ವಿಷ, ಇದರ ಹಣ್ಣು ಮಾತ್ರ ಮಕ್ಕಳ ಆಸ್ತಿ. ಎಳೆಗಾಯಿ ಹಸಿರು, ಬಲಿತಂತೆ ಒಂದು ಕೆನ್ನೆ ಕೆಂಪು, ಆಮೇಲೆ ಕಡುಗೆಂಪು, ಕೊನೆಗೆ ಕಪ್ಪು. ಬ್ರಿಟಿಷರು ಇದಕ್ಕೆ ಬೆಂಗಾಲ್ ಕರಂಟ್ ಅಂತ ಹೆಸರಿಟ್ಟು ತಮ್ಮ ಊರಿನ ಕೆಂಪು ಕರಂಟಿನ ಬದಲಿಗೆ ಜೆಲ್ಲಿ ಮಾಡಿಕೊಂಡರು. ಅಂದರೆ ನಾನು ಹೊಸದೇನೂ ಕಂಡುಹಿಡಿದಿಲ್ಲ.

ಘಟ್ಟದ ಕೆಳಗೆ ಹಣ್ಣು ಸ್ವಲ್ಪ ಮೊದಲು. ಅಂಕೋಲಾ, ಕುಮಟಾ ಪೇಟೆಯಲ್ಲಿ ಹಾಲಕ್ಕಿ ಸಮುದಾಯದ ಹೆಂಗಸರು ಎಲೆಯ ಕೊಟ್ಟೆಯಲ್ಲಿ ತುಂಬಿ ಮಾರಲು ಕೂತಿರುತ್ತಾರೆ. ಕರಿ ಇಶಾಡು ಮಾವಿನ ಬುಟ್ಟಿಯ ಪಕ್ಕದಲ್ಲೇ. ಅವರ ಹತ್ತಿರ ಕೊಂಡರೆ ಕಪ್ಪು ಹಣ್ಣು ಮಾತ್ರ ಸಿಗುತ್ತದೆ, ಏಕೆಂದರೆ ತಿನ್ನುವವರಿಗೆ ಬೇಕಾದ್ದು ಅದು. "ಕೆಂಪು ಕಾಯಿಯೂ ಬೇಕು" ಅಂತ ಹಿಂದಿನ ದಿನವೇ ಹೇಳಿಟ್ಟರೆ ತರುತ್ತಾರೆ. ತರುವಾಗ ಒಂಥರಾ ನೋಡುತ್ತಾರೆ, ಅಷ್ಟೇ. ನಮ್ಮ ಮೇಲಿನ ಬೇಣದಲ್ಲಿ ಹಣ್ಣಾಗುವಾಗ ಕೃತ್ತಿಕೆ ಮಳೆ ಶುರುವಾಗಿರುತ್ತದೆ. ಎರಡು ಅಡ್ಡಮಳೆ ಬಿದ್ದರೆ ತೊಂದರೆ ಇಲ್ಲ. ರೋಹಿಣಿ ಮಳೆ ಸರಿಯಾಗಿ ಹೊಯ್ದಿತೋ, ಹಣ್ಣು ನೀರು ಕುಡಿದು ಉಬ್ಬುತ್ತದೆ, ಬಾಯಿ ಬಿಡುತ್ತದೆ, ಒಳಗೆ ಹುಳ. ಅಂಥದ್ದನ್ನು ಕುದಿಸಿ ಗ್ಯಾಸ್ ಖಾಲಿ ಮಾಡಬೇಡಿ. ಮಳೆ ಬಿಟ್ಟು ಎರಡು ಒಳ್ಳೆಯ ಬಿಸಿಲು ಬಂದ ಮೇಲೆ, ಇಬ್ಬನಿ ಆರಿದ ಹೊತ್ತಿಗೆ ಕೊಯ್ಯಿರಿ.

ಕೊಯ್ಯುವುದಕ್ಕೆ ಕೈಗವಸು ಹಾಕಿಕೊಳ್ಳಿ ಅಂತ ಹೇಳಬಹುದು. ಹಾಕಿಕೊಂಡರೆ ಹಣ್ಣು ಮುಟ್ಟಿದ್ದೇ ಗೊತ್ತಾಗುವುದಿಲ್ಲ. ಎಡಗೈಯಲ್ಲಿ ಕವೆಕೋಲಿನಿಂದ ಟೊಂಗೆಯನ್ನು ಒತ್ತಿ ಹಿಡಿದು ಬಲಗೈಯಲ್ಲಿ ಕೀಳುವುದು ಒಳ್ಳೆಯದು. ನಾಲ್ಕು ಹಣ್ಣು ಕಿತ್ತರೆ ಮೂರು ಬುಟ್ಟಿಗೆ, ಒಂದು ಬಾಯಿಗೆ. ಅದು ಕೂಲಿ. ಲೆಕ್ಕದಲ್ಲಿ ಒಂದೇ ಒಂದು ನಿಯಮ: ಬುಟ್ಟಿಯಲ್ಲಿ ಮುಕ್ಕಾಲು ಪಾಲು ಕಪ್ಪು ಹಣ್ಣು, ಕಾಲು ಪಾಲು ಕೆಂಪು ಬಲಿತ ಕಾಯಿ. ಹಸಿರು ಮಿಡಿ ಬೇಡ, ಅದು ಬರೇ ಒಗರು ಮತ್ತು ಹಾಲು. ಕೆನ್ನೆ ಕೆಂಪಾದ ಕಾಯಿ ಸರಿಯಾದದ್ದು. ಉಗುರು ಹಾಕಿದರೆ ಒಳಗೆ ಗುಲಾಬಿ ಬಣ್ಣ, ಬೀಜ ಇನ್ನೂ ಬೆಳ್ಳಗೆ.

ಈಗ ತೊಳೆಯುವ ಕೆಲಸ. ಜಾಮಿನ ಬಗ್ಗೆ ಬರೆಯುವವರು ಇದನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ, ಕವಳಿಯಲ್ಲಿ ಅರ್ಧ ಕೆಲಸ ಇದೇ. ಬುಟ್ಟಿಯನ್ನು ಮನೆಗೆ ತರುವಷ್ಟರಲ್ಲಿ ತೊಟ್ಟಿನಿಂದ ಇಳಿದ ಸೊನೆ ಹಣ್ಣುಗಳನ್ನು ಒಂದಕ್ಕೊಂದು ಅಂಟಿಸಿರುತ್ತದೆ. ಅಗಲವಾದ ಪಾತ್ರೆಯಲ್ಲಿ ನೀರು, ಒಂದು ಹಿಡಿ ಕಲ್ಲುಪ್ಪು, ಅದರಲ್ಲಿ ಹಣ್ಣು ಸುರಿದು ಅರ್ಧ ಗಂಟೆ ಬಿಡಿ. ನೀರು ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ಬರುತ್ತದೆ. ಅಂಚಿನ ಸುತ್ತ ತೆಳ್ಳಗಿನ ರಬ್ಬರಿನ ಗೆರೆ ಕೂತಿರುತ್ತದೆ, ಬೆರಳಿನಿಂದ ಎಳೆದರೆ ನೂಲಾಗಿ ಬರುತ್ತದೆ. ಆ ನೀರು ಚೆಲ್ಲಿ, ಇನ್ನೊಂದು ಸಲ, ನೀರು ತಿಳಿಯಾಗುವವರೆಗೆ. ಪ್ರತಿ ಹಣ್ಣಿನ ತೊಟ್ಟನ್ನೂ ತೆಗೆಯಬೇಕು. ಹಲಸಿನ ಹಣ್ಣು ಬಿಡಿಸುವಾಗ ಮಾಡುವಂತೆ ಇಲ್ಲಿಯೂ ಬೆರಳಿಗೆ ಮೊದಲೇ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಇಲ್ಲದಿದ್ದರೆ ಮರುದಿನ ಡ್ಯೂಟಿಯಲ್ಲಿ ನನ್ನ ಬೆರಳುಗಳು ನೋಡಲು ಚೆನ್ನಾಗಿರುವುದಿಲ್ಲ. ರಕ್ತ ತೆಗೆಯುವವನ ಕೈ ಕೆಂಪಗೆ ಇದ್ದರೆ ಪೇಶೆಂಟು ಹೆದರುತ್ತಾರೆ.

ತೊಳೆದ ಹಣ್ಣನ್ನು ಸ್ಟೀಲ್ ಪಾತ್ರೆಗೆ ಹಾಕಿ. ತಳ ದಪ್ಪ ಇರಬೇಕು, ಬಾಯಿ ಅಗಲ ಇರಬೇಕು. ಅಲ್ಯೂಮಿನಿಯಂ ಬೇಡ, ಕಲಾಯಿ ಇಲ್ಲದ ಹಿತ್ತಾಳೆ ಬೇಡ, ಹುಳಿಗೆ ಎರಡೂ ಬಿಟ್ಟುಕೊಳ್ಳುತ್ತವೆ. ಕಬ್ಬಿಣದ ಬಾಣಲೆಯಲ್ಲಿ ಬಣ್ಣವೇ ಕೆಟ್ಟು ಕಪ್ಪು ಮಸಿಯಾಗುತ್ತದೆ. ಒಂದು ಕಿಲೋ ಹಣ್ಣಿಗೆ ಒಂದು ಲೋಟ ನೀರು ಸಾಕು. ಸಣ್ಣ ಉರಿ. ಸಕ್ಕರೆ ಇನ್ನೂ ಡಬ್ಬಿಯಲ್ಲೇ ಇರಲಿ.

ಇದನ್ನು ಒತ್ತಿ ಹೇಳಬೇಕು. ತುಂಬಾ ಜನ ಹಣ್ಣು, ಸಕ್ಕರೆ ಒಟ್ಟಿಗೆ ಹಾಕಿ ಒಲೆಗಿಡುತ್ತಾರೆ. ಸಕ್ಕರೆ ಮೊದಲೇ ಬಿದ್ದರೆ ಸಿಪ್ಪೆಯೊಳಗಿನ ನೀರನ್ನು ಎಳೆದುಕೊಳ್ಳುತ್ತದೆ. ಸಿಪ್ಪೆ ಗಟ್ಟಿಯಾಗುತ್ತದೆ, ಎಷ್ಟು ಕುದಿಸಿದರೂ ಮೆತ್ತಗಾಗುವುದಿಲ್ಲ. ಪೆಕ್ಟಿನ್ ಅನ್ನುವುದು ಹಣ್ಣಿನ ಕೋಶದ ಗೋಡೆಯಲ್ಲಿ ಇರುವ ಅಂಟು. ಅದು ಹೊರಗೆ ಬರಬೇಕಾದರೆ ಹಣ್ಣು ಮೊದಲು ಬರೇ ನೀರಿನಲ್ಲಿ ಬೆಂದು ಕರಗಬೇಕು. ಹಾಗಂತ ಗಂಟೆಗಟ್ಟಲೆ ಬೇಯಿಸಿದರೂ ಕೆಲಸ ಕೆಟ್ಟಿತು. ಹುಳಿಯಲ್ಲಿ ಜಾಸ್ತಿ ಹೊತ್ತು ಕುದಿದರೆ ಅದೇ ಪೆಕ್ಟಿನ್ ತುಂಡಾಗಿ ಹಿಡಿತ ಕಳೆದುಕೊಳ್ಳುತ್ತದೆ. ಸಿಪ್ಪೆ ಒಡೆದು, ಸೌಟಿನ ಹಿಂಬದಿಯಿಂದ ಒತ್ತಿದರೆ ಹಿಟ್ಟಾಗುವಷ್ಟು ಬೆಂದರೆ ಸಾಕು.

ಬೆಂದದ್ದನ್ನು ಜರಡಿಯಲ್ಲಿ ಹಾಕಿ ಉಜ್ಜಿ. ಬೀಜ ಚಪ್ಪಟೆ, ಸಣ್ಣದು, ಹಲ್ಲಿಗೆ ಸಿಕ್ಕರೆ ಕಿರಿಕಿರಿ. ನಮ್ಮ ಮನೆಯಲ್ಲಿ ಆಯಿಗೆ (ನನ್ನ ತಾಯಿಗೆ) ಬೀಜ ಇದ್ದರೆ ಜಾಮ್ ಬೇಡ, ಮಗನಿಗೆ ಸಿಪ್ಪೆ ಚೂರು ಇಲ್ಲದಿದ್ದರೆ ಬೇಡ. ಹಾಗಾಗಿ ಜರಡಿಯಲ್ಲಿ ಉಳಿದ ಚರಟದಿಂದ ಸ್ವಲ್ಪ ಸಿಪ್ಪೆ ಹೆಕ್ಕಿ ವಾಪಸ್ ಹಾಕುತ್ತೇನೆ. ಇದು ಜರಡಿ ಹಿಡಿದವನ ತಾಳ್ಮೆಗೆ ಬಿಟ್ಟದ್ದು.

ಸಕ್ಕರೆ ಹಾಕುವ ಮೊದಲು ಒಂದು ಪರೀಕ್ಷೆ ಇದೆ. ಲ್ಯಾಬಿನವನ ಚಟ ಅಂದುಕೊಳ್ಳಿ. ಆದರೆ ಜಾಮ್ ಕೂರುತ್ತದೋ, ಅಂದರೆ ಗಟ್ಟಿಯಾಗುತ್ತದೋ ಇಲ್ಲವೋ ಅಂತ ಮೊದಲೇ ಹೇಳುವುದು ಇದೊಂದೇ. ಮೆಡಿಕಲ್ ಶಾಪಿನಲ್ಲಿ ಸರ್ಜಿಕಲ್ ಸ್ಪಿರಿಟ್ ಸಿಗುತ್ತದೆ. ಸಣ್ಣ ಗಾಜಿನ ಲೋಟದಲ್ಲಿ ಒಂದು ಚಮಚ ತಣ್ಣಗಾದ ರಸ, ಅದರ ಮೇಲೆ ಮೂರು ಚಮಚ ಸ್ಪಿರಿಟ್. ಮೆಲ್ಲಗೆ ಒಮ್ಮೆ ಆಡಿಸಿ ಒಂದೆರಡು ನಿಮಿಷ ಬಿಡಿ. ಪೆಕ್ಟಿನ್ ನೀರಿನಲ್ಲಿ ಕರಗುತ್ತದೆ, ಸ್ಪಿರಿಟ್ಟಿನಲ್ಲಿ ಕರಗುವುದಿಲ್ಲ. ಹಾಗಾಗಿ ಗಟ್ಟಿಯಾಗಿ ಬೇರೆಯಾಗುತ್ತದೆ. ಚಮಚದಲ್ಲಿ ಎತ್ತಿದಾಗ ಒಂದೇ ಗಡ್ಡೆಯಾಗಿ ಬಂದರೆ ಪೆಕ್ಟಿನ್ ಭರ್ತಿ ಇದೆ. ಎರಡು ಮೂರು ತುಂಡಾದರೆ ನಡೆಯುತ್ತದೆ. ಬರೇ ನಾರುನಾರು ತೇಲಿದರೆ ಕಮ್ಮಿ. ಕಪ್ಪು ಹಣ್ಣಿನ ರಸ ಮತ್ತು ಕೆಂಪು ಕಾಯಿಯ ರಸ ಬೇರೆಬೇರೆ ಲೋಟದಲ್ಲಿ ಹಾಕಿ ನೋಡಿದರೆ ನಾನು ಇಷ್ಟು ಹೊತ್ತು ಹೇಳಿದ್ದು ಕಣ್ಣಿಗೇ ಕಾಣುತ್ತದೆ. ಕಪ್ಪಿನದು ಚೂರುಚೂರು. ಕೆಂಪಿನದು ಮಂದವಾದ ಗುಲಾಬಿ ಗಡ್ಡೆ, ಲೋಟ ಓರೆ ಮಾಡಿದರೂ ಜಾರುವುದಿಲ್ಲ. ನೋಡಿ ಆದ ಮೇಲೆ ಲೋಟದಲ್ಲಿದ್ದದ್ದನ್ನು ಚೆಲ್ಲಿಬಿಡಿ. ರುಚಿ ನೋಡುವುದಾಗಲಿ, ಪಾತ್ರೆಗೆ ವಾಪಸ್ ಹಾಕುವುದಾಗಲಿ ಖಂಡಿತ ಮಾಡಬೇಡಿ, ಅದು ಕುಡಿಯುವ ಸ್ಪಿರಿಟ್ ಅಲ್ಲ. ಮಕ್ಕಳ ಕೈಗೂ ಸಿಗದಿರಲಿ, ಉರಿಯುವ ಒಲೆಯ ಹತ್ತಿರವೂ ಬೇಡ.

ಹುಳಿಗೆ ಪಿಎಚ್ ಕಾಗದ ಹಿಡಿದು ನೋಡಬಹುದು. ಜಾಮ್ ಕೂರಲು ಪಿಎಚ್ ಸುಮಾರು 3ರ ಆಸುಪಾಸು ಇರಬೇಕು. ಆದರೆ ಕವಳಿಯ ಕೆಂಪು ಕಾಗದಕ್ಕೇ ಹತ್ತಿ ಏನೂ ಓದಲು ಬರುವುದಿಲ್ಲ. ನಾಲಿಗೆ ಸಾಕು. ಒಂದು ಹನಿ ಬಾಯಿಗೆ ಬಿಟ್ಟು ಒಂದು ಕಣ್ಣು ತಾನಾಗಿ ಮುಚ್ಚಿದರೆ ಹುಳಿ ಸರಿಯಿದೆ.

ಇನ್ನು ಸಕ್ಕರೆ. ಒಂದು ಕಿಲೋ ಜರಡಿ ಹಿಡಿದ ತಿರುಳಿಗೆ ಒಂದು ಕಿಲೋ ಸಕ್ಕರೆ ಅನ್ನುವುದು ಪುಸ್ತಕದ ಲೆಕ್ಕ. ನಾನು 800 ಗ್ರಾಂ ಹಾಕುತ್ತೇನೆ. ಅದಕ್ಕಿಂತ ಇಳಿದರೆ ಜಾಮಿನ ಬದಲು ಬೇರೇನೋ ಆಗುತ್ತದೆ. ನಮ್ಮ ದೇಶದ ಆಹಾರ ನಿಯಮದಲ್ಲಿ ಜಾಮ್ ಅನ್ನಿಸಿಕೊಳ್ಳಲು ನೂರರಲ್ಲಿ 65 ಭಾಗ ಕರಗಿದ ಘನಾಂಶ ಇರಬೇಕು, ಅದರಲ್ಲಿ ಬಹುಪಾಲು ಸಕ್ಕರೆಯೇ. ಹಣ್ಣು ಕನಿಷ್ಠ 45 ಭಾಗ. ಈ 65 ಸುಮ್ನೆ ಇಟ್ಟದ್ದಲ್ಲ. ಅಷ್ಟು ಸಕ್ಕರೆ ನೀರನ್ನು ಹಿಡಿದಿಟ್ಟುಕೊಂಡರೆ ಬೂಸುರಿಗೆ ಕುಡಿಯಲು ನೀರು ಸಿಗುವುದಿಲ್ಲ, ಪೆಕ್ಟಿನ್ನಿನ ಎಳೆಗಳೂ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ.

ಸಕ್ಕರೆ ಹಾಕಿದ ಮೇಲೆ ಸಣ್ಣ ಉರಿಯಲ್ಲಿ ಪೂರ್ತಿ ಕರಗಿಸಿ, ಆಮೇಲೆ ಉರಿ ದೊಡ್ಡದು ಮಾಡಿ. ಈಗ ನಿಧಾನ ಬೇಡ. ಹತ್ತು ಹದಿನೈದು ನಿಮಿಷದಲ್ಲಿ ಮುಗಿಯಬೇಕು. ಅದಕ್ಕೇ ಒಂದು ಸಲಕ್ಕೆ ಒಂದು ಕಿಲೋ ತಿರುಳಿಗಿಂತ ಜಾಸ್ತಿ ಹಾಕಬಾರದು. ಐದು ಕಿಲೋ ಒಟ್ಟಿಗೆ ಹಾಕಿದರೆ ಅಷ್ಟು ನೀರು ಆರುವಷ್ಟರಲ್ಲಿ ಬಣ್ಣ ಇಟ್ಟಿಗೆಯದಾಗುತ್ತದೆ. ಮೊದಲು ಗುಲಾಬಿ ನೊರೆ ಪಾತ್ರೆಯ ಅರ್ಧಕ್ಕೆ ಏರುತ್ತದೆ. ಆಮೇಲೆ ನೊರೆ ಇಳಿದು ಗುಳ್ಳೆಗಳು ದೊಡ್ಡದಾಗುತ್ತವೆ, ಸದ್ದು ಬದಲಾಗುತ್ತದೆ, ಜಾಮ್ ಹಾರತೊಡಗುತ್ತದೆ. ಈ ಹಂತದಲ್ಲಿ ತುಂಬು ತೋಳಿನ ಅಂಗಿ ಹಾಕಿಕೊಂಡಿರಬೇಕು. ಸಿಡಿದ ಹನಿ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ.

ಆಯಿತೋ ಇಲ್ಲವೋ ಅಂತ ತಿಳಿಯುವ ವಿಷಯದಲ್ಲಿ ನನಗೂ ಹೆಂಡತಿಗೂ ಹಳೆಯ ಜಗಳ. ಅವಳು ಕಾರವಾರದ ಅಡುಗೆಮನೆಯಲ್ಲಿ ಥರ್ಮಾಮೀಟರ್ ಹಿಡಿದು 105 ಡಿಗ್ರಿಗೆ ಇಳಿಸುತ್ತಿದ್ದವಳು. ಪುಸ್ತಕದಲ್ಲಿಯೂ 105 ಅಂತಲೇ ಇದೆ. ಅದು ಸಮುದ್ರಮಟ್ಟದ ಲೆಕ್ಕ. ಶಿರಸಿ ಸುಮಾರು 590 ಮೀಟರ್ ಎತ್ತರದಲ್ಲಿದೆ. ಮುನ್ನೂರು ಮೀಟರ್ ಏರಿದರೆ ನೀರು ಕುದಿಯುವ ಬಿಂದು ಹೆಚ್ಚುಕಮ್ಮಿ ಒಂದು ಡಿಗ್ರಿ ಇಳಿಯುತ್ತದೆ. ಇಲ್ಲಿ ನೀರು 98ಕ್ಕೇ ಕುದಿಯುತ್ತದೆ. ಜಾಮ್ ಕೂರುವುದು ನೀರು ಕುದಿಯುವ ಬಿಂದುವಿಗಿಂತ ಸುಮಾರು ಐದು ಡಿಗ್ರಿ ಮೇಲೆ. ಅಂದರೆ ಕಾರವಾರದ 105 ನಮ್ಮ 103. ಇಲ್ಲಿಯೂ 105ರ ತನಕ ಕಾಯಿಸಿದರೆ ಬಾಟಲಿಯಿಂದ ಚಮಚ ಎತ್ತಲು ಬರುವುದಿಲ್ಲ. ದೇವಿಮನೆ ಘಟ್ಟ ಹತ್ತಿ ಬಂದವರೆಲ್ಲ ಎರಡು ಡಿಗ್ರಿ ಕೆಳಗೆ ಬಿಟ್ಟು ಬರಬೇಕು ಅಂತ ನಾನು ಹೇಳುವುದು ಅವಳಿಗೆ ತಮಾಷೆ ಅನ್ನಿಸುವುದಿಲ್ಲ. ಇನ್ನೊಂದು ಮಾತು: ಲ್ಯಾಬಿನ ಪಾದರಸದ ಥರ್ಮಾಮೀಟರನ್ನು ಅಡುಗೆಗೆ ತರಬೇಡಿ. ಒಡೆದರೆ ಅಡುಗೆಮನೆಯೇ ಹಾಳು. ಅಡುಗೆಯ ಡಿಜಿಟಲ್ ಥರ್ಮಾಮೀಟರ್ ಪೇಟೆಯಲ್ಲಿ ಸಿಗುತ್ತದೆ.

ಥರ್ಮಾಮೀಟರ್ ಇಲ್ಲದಿದ್ದರೆ ತಕ್ಕಡಿ ಇದ್ದೇ ಇರುತ್ತದೆ, ಅಲ್ವಾ? ನನಗೆ ಇದೇ ಇಷ್ಟ. ಮೊದಲು ಖಾಲಿ ಪಾತ್ರೆ ತೂಗಿ ಬರೆದಿಡಿ. ಒಂದು ಕಿಲೋ ತಿರುಳು, 800 ಗ್ರಾಂ ಸಕ್ಕರೆ, ಒಟ್ಟು 1800. ಕವಳಿ ತಿರುಳಿನಲ್ಲಿ ನೀರು ಬಿಟ್ಟು ಉಳಿಯುವುದು ನೂರು ಗ್ರಾಮಿನ ಆಚೀಚೆ. ಅದಕ್ಕೆ ಸಕ್ಕರೆ ಸೇರಿಸಿದರೆ 900 ಗ್ರಾಂ. 900 ಗ್ರಾಂ ಅನ್ನುವುದು 65 ಭಾಗ ಆಗಬೇಕಾದರೆ ಒಟ್ಟು ತೂಕ 1400 ಗ್ರಾಮಿನ ಹತ್ತಿರಕ್ಕೆ ಇಳಿಯಬೇಕು. ಅಂದರೆ 400 ಗ್ರಾಂ ನೀರು ಹಬೆಯಾಗಿ ಹೋಗಬೇಕು. ಪಾತ್ರೆ ಸಮೇತ ತೂಗಿ, ಪಾತ್ರೆಯ ತೂಕ ಕಳೆಯಿರಿ. ತಕ್ಕಡಿಗೆ ಶಿರಸಿಯೂ ಒಂದೇ, ಕಾರವಾರವೂ ಒಂದೇ.

ಇದ್ಯಾವುದೂ ಬೇಡ ಅನ್ನುವವರು ಫ್ರೀಜರಿನಲ್ಲಿ ಒಂದು ಸ್ಟೀಲ್ ತಟ್ಟೆ ಇಟ್ಟಿರಿ. ಉರಿ ಆರಿಸಿ, ತಟ್ಟೆಗೆ ಅರ್ಧ ಚಮಚ ಹಾಕಿ, ಒಂದು ನಿಮಿಷ ಬಿಟ್ಟು ಬೆರಳಿನಿಂದ ತಳ್ಳಿ. ಮೇಲೆ ಸುಕ್ಕು ಬಂದರೆ ಆಯಿತು. ಕವಳಿ ವಿಷಯದಲ್ಲಿ ಸ್ವಲ್ಪ ಮೊದಲೇ ಇಳಿಸಿದರೆ ಒಳ್ಳೆಯದು, ಬಾಟಲಿಯೊಳಗೆ ಎರಡು ದಿನದಲ್ಲಿ ಇನ್ನಷ್ಟು ಬಿಗಿಯುತ್ತದೆ.

ಆಯಿಯ ದೃಷ್ಟಿಯಲ್ಲಿ ಇದೆಲ್ಲ ದಂಡದ ಕೆಲಸ. "ಇದು ಗೊಜ್ಜೇ ಅಲ್ದನಾ ತಮಾ?" ಅನ್ನುತ್ತಾಳೆ. ಅವಳ ಪ್ರಕಾರ ಕವಳಿಗೆ ಇರುವುದು ಎರಡೇ ದಾರಿ. ಕಾಯಿಯಾದರೆ ಉಪ್ಪುನೀರಿನ ಭರಣಿ, ಹಣ್ಣಾದರೆ ನೇರ ಬಾಯಿ. ಸಕ್ಕರೆ ಜಾಗದಲ್ಲಿ ಬೆಲ್ಲ ಹಾಕು ಅಂತ ಹಟ ಹಿಡಿದಳು. ನಮ್ಮ ಕಡೆ ಆಲೆಮನೆಯ ಜೋನಿ ಬೆಲ್ಲ ಮನೆಯಲ್ಲಿ ಇದ್ದೇ ಇರುತ್ತದೆ. ಹಾಕಿ ನೋಡಿದ್ದೇನೆ, ರುಚಿ ನಿಜಕ್ಕೂ ಚೆನ್ನಾಗಿರುತ್ತದೆ. ಆದರೆ ಜಾಮ್ ಸಡಿಲ. ಬೆಲ್ಲ ಮಾಡುವಾಗ ಕಬ್ಬಿನ ರಸ ತಿಳಿಯಾಗಲು ಸುಣ್ಣ ಹಾಕುತ್ತಾರೆ, ಅದು ಹಣ್ಣಿನ ಹುಳಿಯನ್ನು ಸ್ವಲ್ಪ ತಿನ್ನುತ್ತದೆ. ಜೋನಿ ಬೆಲ್ಲದಲ್ಲಿ ನೀರೂ ಇದೆ. ಕವಳಿಯ ಆ ಕೆಂಪು ಬಣ್ಣವೂ ಬೆಲ್ಲದ ಕಂದಿನಲ್ಲಿ ಮುಳುಗಿಹೋಗುತ್ತದೆ. ದೋಸೆಗೆ ಹಚ್ಚಿಕೊಳ್ಳುವುದಾದರೆ ಬೆಲ್ಲದ್ದು ಮಾಡಿ, ಮಳೆಗಾಲ ಶುರುವಾಗುವ ಮೊದಲೇ ಮುಗಿಸಿ. ಆಯಿಗೆ ಅಂತ ಒಂದು ಬಾಟಲಿ ಹಾಗೆಯೇ ಮಾಡುತ್ತೇನೆ. ಅವಳು ಅದನ್ನು ಗೊಜ್ಜು ಅಂತಲೇ ಕರೆದು ಅನ್ನಕ್ಕೆ ಕಲಸಿಕೊಳ್ಳುತ್ತಾಳೆ, ಒಗ್ಗರಣೆ ಬೇರೆ.

ಕವಳಿ ಕಾಯಿಯ ಈ ಶಕ್ತಿಯನ್ನು ಬೇರೆ ಹಣ್ಣಿಗೂ ಬಳಸಬಹುದು, ಇದು ನನಗೆ ತುಂಬಾ ಖುಷಿ ಕೊಟ್ಟ ವಿಷಯ. ನೇರಳೆ ಹಣ್ಣಿನ ಬಣ್ಣ, ರುಚಿ ಎರಡೂ ಭರ್ಜರಿ, ಆದರೆ ಬರೇ ನೇರಳೆ ಕುದಿಸಿದರೆ ಶರಬತ್ತು. ಮೂರು ಪಾಲು ನೇರಳೆ ತಿರುಳಿಗೆ ಒಂದು ಪಾಲು ಕವಳಿ ಕಾಯಿಯ ರಸ ಸೇರಿಸಿದರೆ ಗಟ್ಟಿಯಾಗಿ ಕೂರುತ್ತದೆ. ತೊಂದರೆ ಏನೆಂದರೆ ನಮ್ಮಲ್ಲಿ ನೇರಳೆ ಕಳಿಯುವಾಗ ಕವಳಿ ಮುಗಿಯುತ್ತಾ ಬಂದಿರುತ್ತದೆ. ಅದಕ್ಕೆ ಕಾಯಿಯನ್ನು ಬೇಯಿಸಿ, ರಸ ಸೋಸಿ, ಡಬ್ಬಿಯಲ್ಲಿ ಹಾಕಿ ಫ್ರೀಜರಿನಲ್ಲಿ ಇಟ್ಟುಕೊಳ್ಳುತ್ತೇನೆ. ಕರೆಂಟು ಹೋಗುವ ಊರಿನಲ್ಲಿ ಫ್ರೀಜರನ್ನು ನಂಬುವುದು ಧೈರ್ಯದ ಕೆಲಸ. ಆದರೂ ಜೂನ್ ತನಕ ಹೇಗೋ ನಡೆಯುತ್ತದೆ. ಹಣ್ಣು ಸಂಪಿಗೆ ಅನ್ನುವ ಕಾಡುಹಣ್ಣಿನಲ್ಲೂ ಮಾಡಬೇಕು ಅಂತ ಆಸೆ. ಮಂಗಗಳು ಪಾತ್ರೆ ತುಂಬುವಷ್ಟು ಉಳಿಸುವುದಿಲ್ಲ.

ಮುರುಗಲು (ಕೋಕಂ) ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೆ ಒಲೆಯೇ ಬೇಡ. ಹಣ್ಣು ಎರಡು ಹೋಳು ಮಾಡಿ ಬೀಜ ತೆಗೆದು, ಸಿಪ್ಪೆಯ ಬಟ್ಟಲಿಗೆ ಸಕ್ಕರೆ ತುಂಬಿ, ಗಾಜಿನ ಭರಣಿಯಲ್ಲಿ ಪದರಪದರವಾಗಿ ಇಟ್ಟು ಬಿಸಿಲಿಗಿಟ್ಟರೆ ಸಕ್ಕರೆಯೇ ರಸ ಎಳೆದುಕೊಂಡು ಪಾಕವಾಗುತ್ತದೆ. ತೆಗೆದಿಟ್ಟ ಬೀಜದಿಂದ ಮುರುಗಲು ತುಪ್ಪ, ಮಳೆಗಾಲದಲ್ಲಿ ಒಡೆದ ಹಿಮ್ಮಡಿಗೆ. ಅದನ್ನು ಜಾಮ್ ಮಾಡಲು ಹೋಗುವುದು ಸುಮ್ನೆ ಹಟ.

ನಡುವೆ ಒಂದು ವಿಷಯ ಹೇಳಿಬಿಡುತ್ತೇನೆ, ಗೊತ್ತಿದ್ದರೆ ದಾಟಿ ಹೋಗಿ. ಬೇಕರಿಯ ಕೇಕಿನ ಮೇಲೆ ಕೂರುವ ಕೆಂಪು ಚೆರ್ರಿ ಇದೆಯಲ್ಲ, ನಮ್ಮ ದೇಶದಲ್ಲಿ ಅದು ಬಹಳ ಸಲ ಚೆರ್ರಿಯೇ ಅಲ್ಲ. ಬೀಜ ತೆಗೆದು, ಬಣ್ಣ ಕಳೆದು, ಸಕ್ಕರೆ ಪಾಕದಲ್ಲಿ ನೆನೆಸಿ, ಮತ್ತೆ ಕೆಂಪು ಬಣ್ಣ ಹಾಕಿದ ಕವಳಿ ಕಾಯಿ. ಇದನ್ನು ಹೇಳಿದ ಮೇಲೆ ನನ್ನ ಮಗ ಹುಟ್ಟುಹಬ್ಬದ ಕೇಕಿನ ಮೇಲಿನದ್ದನ್ನು ತೆಗೆದು, ಕಚ್ಚಿ, ಬೀಜದ ಗುರುತು ಹುಡುಕುತ್ತಾನೆ. ಇಷ್ಟು ಒಳ್ಳೆಯ ಬಣ್ಣ ಇರುವ ಹಣ್ಣಿನ ಬಣ್ಣ ತೆಗೆದು ಬೇರೆ ಬಣ್ಣ ಹಾಕುವುದು ನನಗಂತೂ ಅರ್ಥವಾಗುವುದಿಲ್ಲ.

ಲ್ಯಾಬಿಗೆ ಬರುವವರಿಗೆ ಇನ್ನೊಂದು ನಂಬಿಕೆ. ಕವಳಿ ಸಕ್ಕರೆ ಕಾಯಿಲೆಗೆ ಒಳ್ಳೆಯದು, ನೇರಳೆ ಇನ್ನೂ ಒಳ್ಳೆಯದು, ಹಾಗಾಗಿ ಜಾಮ್ ತಿನ್ನಬಹುದು ಅಂತ. ಬಾಟಲಿಯ ಅರ್ಧಕ್ಕಿಂತ ಹೆಚ್ಚು ಸಕ್ಕರೆ. ಹಣ್ಣಿನ ಹೆಸರು ಹೇಳಿ ರಿಪೋರ್ಟಿಗೆ ಮೋಸ ಮಾಡಲು ಆಗುವುದಿಲ್ಲ. ಶುಗರ್ ಇದ್ದವರಿಗೆ ನಾನು ಜಾಮ್ ಕೊಡುವುದಿಲ್ಲ, ಬೈದರೂ ಕೊಡುವುದಿಲ್ಲ. ಸಕ್ಕರೆ ಅರ್ಧ ಮಾಡಿ ಮಾಡಿಕೊಡು ಅನ್ನುವವರೂ ಇದ್ದಾರೆ. ಮಾಡಬಹುದು. ಕೂರುವುದು ಕಷ್ಟ, ಫ್ರಿಜ್ಜಿನಲ್ಲಿಟ್ಟು ಎರಡು ಮೂರು ವಾರದಲ್ಲಿ ಮುಗಿಸಬೇಕು.

ಬಾಟಲಿ ತುಂಬುವುದು. ನಮ್ಮ ಜಿಲ್ಲೆಯ ಮಳೆಗಾಲ ಗೊತ್ತಲ್ಲ, ಚಪ್ಪಲಿಗೆ, ಪುಸ್ತಕಕ್ಕೆ, ದೇವರ ಫೋಟೋಗೆ ಎಲ್ಲದಕ್ಕೂ ಬೂಸುರು. ಜಾಮನ್ನು ಅದು ಬಿಡುತ್ತದೆಯೇ? ಗಾಜಿನ ಬಾಟಲಿಯನ್ನು ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಬಿಸಿಯಿರುವಾಗಲೇ ಬಿಸಿ ಜಾಮ್ ತುಂಬಿ. ತಣ್ಣನೆಯ ಬಾಟಲಿಗೆ ಬಿಸಿ ಜಾಮ್ ಸುರಿದರೆ ಗಾಜು ಸೀಳುತ್ತದೆ. ಮೇಲೆ ಅರ್ಧ ಸೆಂಟಿಮೀಟರ್ ಜಾಗ ಬಿಡಿ, ಅಂಚನ್ನು ಶುದ್ಧ ಬಟ್ಟೆಯಿಂದ ಒರೆಸಿ, ಮುಚ್ಚಳ ಹಾಕಿ. ತುಂಬಿದ ಬಾಟಲಿಗಳನ್ನು ಮತ್ತೆ ಕುದಿಯುವ ನೀರಿನಲ್ಲಿ ಮುಳುಗಿಸಿ ಹತ್ತು ನಿಮಿಷ ಇಡಿ, ತಳದಲ್ಲಿ ಒಂದು ಬಟ್ಟೆ ಹಾಸಿರಲಿ. ತಣಿಯುವಾಗ ಮುಚ್ಚಳದ ನಡುಭಾಗ ಟಕ್ ಅಂತ ಒಳಗೆ ಎಳೆದುಕೊಳ್ಳುತ್ತದೆ. ಎಳೆದುಕೊಳ್ಳದ ಬಾಟಲಿಯನ್ನು ಮೊದಲು ತಿನ್ನಲು ಇಟ್ಟುಕೊಳ್ಳಿ. ತೆರೆದ ಮೇಲೆ ಎಲ್ಲವೂ ಫ್ರಿಜ್ಜಿಗೆ. ಒದ್ದೆ ಚಮಚ ಹಾಕಬೇಡಿ ಅಂತ ಮನೆಯಲ್ಲಿ ಎಷ್ಟು ಸಲ ಹೇಳಿದರೂ ಸಾಲದು. ಬೂಸುರು ಕಂಡರೆ ಮೇಲಿನ ಪದರ ತೆಗೆದು ಉಳಿದದ್ದು ತಿನ್ನುವ ಪದ್ಧತಿ ಆಯಿಯದು. ಬೇಡ. ಬೂಸುರಿನ ಬೇರು ಕಣ್ಣಿಗೆ ಕಾಣುವಲ್ಲಿಗೆ ನಿಲ್ಲುವುದಿಲ್ಲ, ಅದು ಬಿಡುವ ವಿಷವೂ ಕಾಣುವುದಿಲ್ಲ. ಇಡೀ ಬಾಟಲಿ ಗೊಬ್ಬರಗುಂಡಿಗೆ.

ಮಾರಲು ಶುರು ಮಾಡು ಅಂತ ಹೇಳುವವರು ಬಹಳ. ಮಾರುವುದಾದರೆ ನೋಂದಣಿ, ಲೇಬಲ್ಲು, ಎಲ್ಲ ಇದೆ. ಅದಕ್ಕಿಂತ ದೊಡ್ಡ ತೊಂದರೆ ಹಣ್ಣಿನದು. ನಮ್ಮ ಬೇಣದಲ್ಲಿ ಇರುವುದು ಕೆಲವೇ ಮಟ್ಟಿ. ಸುತ್ತಲಿನ ಗುಡ್ಡಗಳಲ್ಲಿ ಅಕೇಶಿಯಾ ಬಂದ ಮೇಲೆ ಅದರ ಅಡಿಯಲ್ಲಿ ಕವಳಿ ಏಳುವುದು ಕಮ್ಮಿ. ಕರಾವಳಿಯಲ್ಲಿ ಹೆದ್ದಾರಿ ಅಗಲವಾಗುವಾಗ ದರೆಯ ಜೊತೆಗೆ ಎಷ್ಟೋ ಮಟ್ಟಿ ಹೋದವು. ಬೇಲಿಗೆ ಮೊದಲು ಕವಳಿ ಇರುತ್ತಿತ್ತು. ದನವೂ ನುಗ್ಗುತ್ತಿರಲಿಲ್ಲ, ವರ್ಷಕ್ಕೊಮ್ಮೆ ಹಣ್ಣೂ ಸಿಗುತ್ತಿತ್ತು. ಈಗ ತಂತಿ ಬೇಲಿ. ನಾನು ಜಾಮಿಗೆ ಹಾಕುವ ಮೊದಲು ದೊಡ್ಡ ಹಣ್ಣು ಒಂದು ಬೊಗಸೆ ಬೇರೆ ತೆಗೆದು, ಬೀಜ ತೊಳೆದು, ಆ ವಾರವೇ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕುತ್ತೇನೆ. ಒಣಗಿಸಿ ಇಟ್ಟುಕೊಂಡರೆ ಬೀಜ ಹುಟ್ಟುವುದಿಲ್ಲ. ಗಿಡ ನೆಟ್ಟ ಎರಡು ಮೂರು ವರ್ಷಕ್ಕೆ ಹೂ ಬಿಡುತ್ತದೆ. ಸಸಿ ಬೇಕಾದವರು ಬಂದು ಒಯ್ಯಬಹುದು, ದುಡ್ಡು ಬೇಡ.

ಹೇಗೆ ತಿನ್ನಬೇಕು ಅಂತ ಹೇಳುವ ಅಗತ್ಯ ಇಲ್ಲ. ನಮ್ಮಲ್ಲಿ ತೆಳ್ಳೇವು ಅನ್ನುವ ತೆಳು ದೋಸೆಗೆ, ಹೆಂಡತಿಗೆ ಪಾವ್ ಬ್ರೆಡ್ಡಿಗೆ. ಮಗ ಚಮಚ ಹಾಕಿ ಹಾಗೆಯೇ.

ಕೊನೆಗೆ, ಪ್ರತಿ ವರ್ಷ ನನ್ನಿಂದ ಜಾಮ್ ಒಯ್ಯುವವರಿಗೆ. ಬಾಟಲಿ ವಾಪಸ್ ಕೊಡಿ. ಗಾಜಿನ ಬಾಟಲಿ ಈಗ ಸುಲಭಕ್ಕೆ ಸಿಗುವುದಿಲ್ಲ. ಮುಚ್ಚಳ ಬೇಡ, ಒಮ್ಮೆ ಬಿಗಿದು ತೆರೆದ ಮುಚ್ಚಳ ಎರಡನೇ ಸಲ ಗಾಳಿ ಬಿಗಿಯಾಗಿ ಕೂರುವುದಿಲ್ಲ, ಅದನ್ನು ನಾನೇ ಹೊಸದು ತರುತ್ತೇನೆ. ಮತ್ತೆ ಆ ಬಾಟಲಿಯಲ್ಲಿ ನಡುವೆ ಅ‍ಪ್ಪೆಮಿಡಿ ಉಪ್ಪಿನಕಾಯಿ ತುಂಬಿದ್ದರೆ ದಯವಿಟ್ಟು ಅದನ್ನು ನೀವೇ ಇಟ್ಟುಕೊಳ್ಳಿ. ಇಂಗಿನ ವಾಸನೆ ಎಷ್ಟು ತೊಳೆದರೂ ಹೋಗುವುದಿಲ್ಲ.